ಅಕ್ಕನ ಬಾಯಿಗೆ ನೀರು

ಫೆಬ್ರವರಿ ೩, ಸೋಮವಾರ

ಅಕ್ಕನ ಬೆನ್ನು ಒರೆಸಿ, ಮಗ್ಗಲು ಬದಲಿಸಿದ್ದಾಯಿತು. ಗಂಜಿ ಎರಡು ಚಮಚ... ಅಷ್ಟೇ. ಸಪ್ನಾ ಸಿಸ್ಟರ್ ಬಂದು, ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಮಾರ್ಫಿನ್ ಹೆಚ್ಚಿಸಿದರು. ಕ್ಯಾನ್ಸರ್ ಲಿವರಿಗೂ ಇಳಿದಿದೆ. ಆಸ್ಪತ್ರೆ ಸಾಕು ಅಂದವಳು ಅಕ್ಕನೇ. ಅದಕ್ಕೇ ಮನೆಗೆ ನರ್ಸ್. ಸಪ್ನಾ ಬೆಳಗಾವಿ ಕಡೆಯವರು, ಕನ್ನಡ ಬಲ್ಲವರು — ಈ ಪರಊರಲ್ಲಿ ಮರಾಠಿಯಲ್ಲಿ ನರಳುವ ಕಷ್ಟ ಅಕ್ಕನಿಗೆ ತಪ್ಪಿತು.

ಹೋಗುವಾಗ ಕೇಳಿದರು, ಅಕ್ಕನ ಯಜಮಾನರಿಗೆ ತಿಳಿಸಿದ್ದೀರಾ ಎಂದು. ಯಜಮಾನ! ಆ ಮಾರ್ತಾಂಡ. ಮೊದಲ ಕಿಮೋ ಆದಮೇಲೆ, ವಾಂತಿ ವಾಸನೆಗೆ ನಿದ್ದೆ ಬರುವುದಿಲ್ಲವೆಂದು ಅಕ್ಕನನ್ನು ರಿಕ್ಷಾದಲ್ಲಿ ಕೂರಿಸಿ ನನ್ನ ಈ ಖಡಕಿ ಕ್ವಾರ್ಟರ್ಸಿಗೆ ಕಳಿಸಿದವನು. ಒಬ್ಬಳನ್ನೇ. ಅವನಿರುವ ಖರಾಡಿ ಏನು ದೂರ, ಇದೇ ಊರಲ್ಲವೇ? ಒಂದೂವರೆ ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ.

ಅವನಿಗೆ ಹೆಣವನ್ನೂ ತೋರಿಸುವುದಿಲ್ಲ. ಬೆಂಕಿ ಹತ್ತಿದ ಮೇಲೆ ಫೋನ್ ಮಾಡುತ್ತೇನೆ.

ಫೆಬ್ರವರಿ ೬, ಗುರುವಾರ

ಸಿಸ್ಟರ್ ಇವತ್ತು ನನ್ನನ್ನು ಕೇಳಲೇ ಇಲ್ಲ. ಅಕ್ಕನ ಪಕ್ಕ ಕುಳಿತು, ಕೈ ಹಿಡಿದು, ಅವಳನ್ನೇ ಕೇಳಿದರು — ಯಾರನ್ನಾದರೂ ನೋಡಬೇಕೆನಿಸುತ್ತದಾ ಅಂತ. ಅಕ್ಕ ಕಣ್ಣು ತೆರೆದಳು.

"ಅವರನ್ನ ಕರಸ್ರಿ."

ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತಿಕ್ಕಿದೆ. ಸಿಸ್ಟರ್ ಹಿಂದೆಯೇ ಬಂದರು.

"ನಿಮ್ಮ ಸಿಟ್ಟು ಖರೇ ಅದರಿ. ಬಿಡ್ರಿ ಅಂತ ನಾ ಹೇಳಂಗಿಲ್ಲ. ಆದ್ರ ಈಗ ಈ ಬಾಗಲಾ ಅಕ್ಕಾರದು."

ಕ್ವಾರ್ಟರ್ಸ್ ನನ್ನ ಹೆಸರಿನಲ್ಲಿದೆ ಅನ್ನಬೇಕೆಂದಿದ್ದೆ. ಅನ್ನಲಿಲ್ಲ. ಫೋನ್ ನಾನೇ ಮಾಡಿದೆ. ಬರಲಿ. ಅಕ್ಕನ ಮೈಯಲ್ಲಿ ಉಳಿದಿರುವುದು ಎಷ್ಟೆಂದು ಕಣ್ಣಾರೆ ನೋಡಲಿ. ಅದೂ ಶಿಕ್ಷೆಯೇ.

ಫೆಬ್ರವರಿ ೯, ರವಿವಾರ

ಬಂದ. ಇಸ್ತ್ರಿ ಶರ್ಟು, ಕೈಯಲ್ಲಿ ಎಳನೀರು. ಬಾಗಿಲಲ್ಲೇ ನಿಂತ. ಸಿಸ್ಟರ್ ಕುರ್ಚಿ ಹಾಕಿ, ಅವನಿಗೆ ಕುಡಿಯಲು ನೀರು ಕೊಟ್ಟರು. ನನಗದು ಹಿಡಿಸಲಿಲ್ಲ.

ಅಕ್ಕನಿಗೆ ಈಗ ನುಂಗುವುದಾಗುವುದಿಲ್ಲ, ತುಟಿ ಒಣಗುತ್ತದೆ. ಸ್ಪಂಜಿನ ಕಡ್ಡಿ ನೀರಲ್ಲಿ ಅದ್ದಿ, ಹಿಂಡಿ, ಬಾಯಿಗೆ ಹೇಗೆ ಮುಟ್ಟಿಸಬೇಕೆಂದು ಸಿಸ್ಟರ್ ಅವನಿಗೆ ತೋರಿಸಿಕೊಟ್ಟರು. ಮುಟ್ಟಿಸಿದ.

ಅಕ್ಕ ತುಟಿ ಬಿಗಿದಳು. ಅವನನ್ನೇ ನೋಡುತ್ತಿದ್ದಳು — ಬಾಯಿ ತೆರೆಯಲಿಲ್ಲ. ಮತ್ತೊಮ್ಮೆ ಮುಟ್ಟಿಸಿದ. ಇಲ್ಲ.

ನನ್ನೊಳಗೆ ಏನೋ ಎದ್ದು ಕುಣಿಯಿತು.

"ಸ್ವಲ್ಪ ಬಾಯಿ ತೆಗಸ್ರಿ, ಸಿಸ್ಟರ್," ಅಂದ.

"ಬಾಯಿ ಅವರದ್ರಿ. ಬ್ಯಾಡಂದ್ರ ಬ್ಯಾಡ. ಕೈ ಹಿಡಕೊಂಡು ಕೂಡ್ರಿ ನೀವು."

ಕೂತ. ಅತ್ತ. ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ಶಕ್ತಿ ಇರಲಿಲ್ಲವೋ ಏನೋ. ಊಟದ ಹೊತ್ತು, ಅನ್ನ ಸಾರು ಒಲೆಯ ಮೇಲಿತ್ತು. ಊಟಕ್ಕೆ ಏಳು ಅನ್ನಲಿಲ್ಲ ನಾನು. ಹೊರಟ.

ಅವನು ಮೆಟ್ಟಿಲಿಳಿದ ಮೇಲೆ ನಾನು ಕಡ್ಡಿ ಮುಟ್ಟಿಸಿದೆ. ಚೀಪಿದಳು. ಆಮೇಲೆ ಕೇಳಿದಳು, "ಉಂಡು ಹೋದ್ರೇನು?"

ಸಿಸ್ಟರ್ ನನ್ನ ಮುಖ ನೋಡಿದರು. ಹೂಂ ಅಂದೆ.

ಫೆಬ್ರವರಿ ೧೦

ಬೆಳಿಗ್ಗೆ ಹೋದಳು. ನೋವಿಲ್ಲದೆ.

ಸಿಸ್ಟರ್, ನಾನು ಸೇರಿ ಬಿಸಿನೀರಿನಲ್ಲಿ ಮೈ ಒರೆಸಿದೆವು. ಹೊರಳಿಸುವ ಮುಂಚೆ ಪ್ರತಿ ಸಲ ಹೇಳುತ್ತಿದ್ದರು — ಅಕ್ಕಾರ, ಈಗ ಎಡಕ್ಕ ಹೊರಳಸ್ತೀವ್ರಿ. ಸತ್ತವಳಿಗೆ. ಆಗ ಅತ್ತೆ.

ಅವನಿಗೆ ಫೋನ್ ಮಾಡಿದ್ದು ಸಿಸ್ಟರ್. ತಡೆಯಲಿಲ್ಲ.

ಫೆಬ್ರವರಿ ೨೩, ರವಿವಾರ

ಹದಿಮೂರನೆಯ ದಿನ ನಿನ್ನೆ ಮುಗಿಯಿತು. ಇಂದು ಸಿಸ್ಟರ್ ಬಂದಿದ್ದರು. ಪೇಶಂಟ್ ಹೋದಮೇಲೂ ಬರುತ್ತಾರಂತೆ, ಉಳಿದವರನ್ನು ನೋಡಲು. ನಿದ್ದೆ, ಊಟ ಎಲ್ಲ ವಿಚಾರಿಸಿದರು. ನನ್ನ ತಲೆ ನೇವರಿಸಿದರು. ಖರಾಡಿಗೂ ಹೋಗಿದ್ದರಂತೆ. ಅವನು ಒಲೆ ಹಚ್ಚುವುದನ್ನೇ ಬಿಟ್ಟಿದ್ದಾನಂತೆ.

"ಬಾಯಿ ತೆಗೀಲಿಲ್ಲ ಅಂತ ಅದೊಂದ ಹಿಡಕೊಂಡ ಕೂತಾರ್ರಿ. ಅಕ್ಕಾರು ಆಮ್ಯಾಲ ಕೇಳಿದ್ದು ನಿಮ್ಮನ್ನ. ಅವರಿಗೆ ಹೇಳೋದು ಬಿಡೋದು ನಿಮ್ಮ ಕೈಯಾಗ ಅದ. ನಾ ಹೇಳಂಗಿಲ್ಲ."

ಹೇಳುವುದಿಲ್ಲ. ಒಲೆ ತಣ್ಣಗಿರಲಿ.

ಮಾರ್ಚ್ ೪, ಮಂಗಳವಾರ

ಅವನ ಫೋನು. ಆಫೀಸಿನ ವರಾಂಡಕ್ಕೆ ಬಂದು ಎತ್ತಿದೆ. ಧ್ವನಿ ಮುದುಕನದಾಗಿತ್ತು.

"ಶೈಲಾ, ನಾ ಹೋದಮ್ಯಾಲ ಆಕಿ ಏನರ ಅಂದ್ಲೇನು?"

"ಅಂದ್ಲು. 'ಹೋದ್ರೇನು' ಅಂತ ಕೇಳಿದ್ಲು."

ಆತು, ಅಂದು ಫೋನ್ ಇಟ್ಟ.

'ಉಂಡು' ಅನ್ನುವ ಒಂದು ಶಬ್ದ ಬಿಟ್ಟೆ, ಅಷ್ಟೇ. ಸುಳ್ಳಲ್ಲ. ಅವಳನ್ನು ರಿಕ್ಷಾದಲ್ಲಿ ಕಳಿಸಿದ ದಿನದಿಂದ ಕಾದಿದ್ದೆ ಇದಕ್ಕೆ. ಸಿಹಿಯಾಗಿಯೇ ಇತ್ತು... ಟೇಬಲ್ಲಿಗೆ ಬಂದು ಡಬ್ಬಿ ಬಿಚ್ಚಿದೆ. ಒಂದು ತುತ್ತು ಕಲಸಿ, ಹಾಗೆಯೇ ಬಿಟ್ಟೆ. ಮುಚ್ಚಿಟ್ಟೆ.

ನಾಳೆ ಸಿಸ್ಟರ್ ಬರುತ್ತಾರೆ. ಅವನ ಫೋನ್ ಬಂದಿತ್ತಾ ಅಂತ ಕೇಳಿಯೇ ಕೇಳುತ್ತಾರೆ. ನಾನು ಬಿಟ್ಟ ಶಬ್ದವನ್ನೂ ಹೇಳುತ್ತೇನಾ, ಈ ಸಲವೂ ಬರೀ ಹೂಂ ಅನ್ನುತ್ತೇನಾ...