ಚಂದ್ಯಾನ ಗಡಿಗೆ

ಪ್ರಣಿತಾಳ ಅಪ್ಪನವರಿಗೆ,

ರೊಟ್ಟಿ ಬುಟ್ಟಿಯಲ್ಲಿವೆ, ಬದನೆಕಾಯಿ ಪಲ್ಯ ಮುಚ್ಚಿಟ್ಟಿದ್ದೇನೆ. ಹೊತ್ತು ಮುಳುಗುವುದರೊಳಗೆ ಉಂಡುಬಿಡಿ, ನನ್ನ ಹಾದಿ ನೋಡಬೇಡಿ.

ಎಮ್ಮೆಗೆ ಮೇವು ಹಾಕಲು ಬಂದ ಹೊಳೆಪ್ಪ ನಗುತ್ತಲೇ ಅಂದ: “ಅಕ್ಕಾರ, ನಿಮ್ಮ ಚಂದ್ಯಾ ನಾಯಿ ಭಾಳ ಭಾರ ಇತ್ರಿ. ಹಳ್ಳದ ದಂಡಿಗೆ ಒಗದು ಬರೂದ್ರಾಗ ನನ್ನ ಹೆಗಲ ಹೋತು. ನಾಯಿಗಿ ಕಟ್ಟಿಗಿ ಒಟ್ಟಿದ್ರ ಮಂದಿ ನಗತಾರಂತ ಸಾವ್ಕಾರ್ರ ಅಂದ್ರು.” ನನಗೆ ಗೊತ್ತಿದೆ ಎಂದೇ ತಿಳಿದು ಹೇಳಿದ. ಅವನನ್ನು ಬಯ್ಯಬೇಡಿ.

ಬಸದಿಯಲ್ಲಿ ಪದ್ಯ ಓದುವಾಗ ಚಂದ್ಯಾ ನನ್ನ ಚಪ್ಪಲಿಯ ಬಾಜೂ ಮಲಗಿ ಮುಗಿಯುವತನಕ ಕೇಳುತ್ತಿದ್ದ. ಪ್ರಾಣ ಹೋಗುವಾಗ ಅವನ ಕಿವಿಯಲ್ಲಿ ಣಮೋಕಾರ ಮಂತ್ರ ಹೇಳಿದವಳು ನಾನು. ಸುಟ್ಟು ತಂದೆನೆಂದು ನೀವು ಬೂದಿಯ ಗಡಿಗೆ ಕೊಟ್ಟಿರಿ. ಈ ತಿಂಗಳೆಲ್ಲ ಸಂಜೆ ಅದರ ಮುಂದೆ ನಾನು ದೀಪ ಹಚ್ಚಿದಾಗ ಕೈಮುಗಿದು ಕೂತಿರಿ. ಗೋಕಾಕಕ್ಕೆ ಒಯ್ದು ಹೊಳೆಗೆ ಬಿಡೋಣ ಎಂದಿರಿ. ನೀರಿನ ಜೀವಗಳಿಗೆ ನೋವಾಗುತ್ತದೆ, ನಮ್ಮ ಬೇವಿನ ಬುಡಕ್ಕೆ ಹಾಕೋಣ ಎಂದು ನಾನಂದರೆ ವಾದಕ್ಕೂ ನಿಂತಿರಿ.

ಹಳ್ಳಕ್ಕೆ ಒಗೆಸಿದೆನೆಂದು ಅವತ್ತೇ ಹೇಳಿದ್ದರೆ ನಾಲ್ಕು ದಿನ ಅತ್ತು ಸುಮ್ಮನಾಗುತ್ತಿದ್ದೆ. ಯಾವ ಒಲೆಯ ಬೂದಿಗೆ ನನ್ನಿಂದ ಸ್ತೋತ್ರ ಹೇಳಿಸಿದಿರಿ?

ಜಾಗ ತೋರಿಸಲು ಹೊಳೆಪ್ಪನನ್ನು ಕರೆದುಕೊಂಡು ಹಳ್ಳಕ್ಕೆ ಹೋಗಿದ್ದೇನೆ. ಎಲುಬಾದರೂ ಸಿಕ್ಕರೆ ತರುತ್ತೇನೆ. ಬೇವಿನ ಬುಡದಲ್ಲಿ ಗುಂಡಿ ತೋಡಿಡಿ, ನೀವೇ ತೋಡಬೇಕು.

ಗಡಿಗೆಯ ಬೂದಿ ಚೆಲ್ಲಬೇಡಿ. ಹಿತ್ತಾಳೆ ತಿಕ್ಕಲು ಬರುತ್ತದೆ. ಮೊದಲು ಗಡಿಗೆಯ ಮುಂದಿನ ಆ ದೀಪ ತಿಕ್ಕಿಡಿ.