ಕಂಬಳಿ ಓಟ

ಅಕ್ಕೂರಿನ ಮುನಿಶಾಮಯ್ಯ ಮಾವನವರಿಗೆ, ನಿಮ್ಮ ಅಕ್ಕನ ಮಗ ಲಿಂಗರಾಜು ಚನ್ನಪಟ್ಟಣದಿಂದ, ಕುಳಿತಲ್ಲಿಂದಲೇ ಮಾಡುವ ನಮಸ್ಕಾರ. ಬಗ್ಗಿ ಕಾಲು ಮುಟ್ಟಿದರೆ ಏಳುವಾಗ ಏದುಸಿರು ಬರುತ್ತದೆ, ಅದಕ್ಕೆ.

ರತ್ನನ ಮದುವೆಯ ಕರೆಯೋಲೆ ತಲುಪಿತು. ‘ಸುಖಾಗಮನ ಬಯಸುವವರು’ ಎಂಬಲ್ಲಿ ನನ್ನ ಹೆಸರನ್ನೂ ಅಚ್ಚು ಹಾಕಿಸಿದ್ದೀರಿ. ನಿಮ್ಮ ಧೈರ್ಯವೇ ಧೈರ್ಯ ಬಿಡಿ! ಅವಳು ಹುಟ್ಟಿದಾಗಲೇ ‘ಇವಳು ನಿನ್ನ ಸೊಸೆ’ ಎಂದು ನಮ್ಮವ್ವನ ಮಡಿಲಿಗೆ ಹಾಕಿದವರು ನೀವು. ಅವಳ ಮದುವೆಗೆ ಬಂದವರಿಗೆ ನಾನು ಪನ್ನೀರು ಚಿಮುಕಿಸಬೇಕಿತ್ತು.

ಮಿಲಿಟರಿಯಿಂದ ಬಂದ ಮೇಲೆ ನೀವು ಊರ ಹುಡುಗರನ್ನು ಪೊಲೀಸ್ ಸೆಲೆಕ್ಷನ್ನಿಗೆಂದು ಓಡಿಸತೊಡಗಿದಿರಿ. ನಿಮಗೆ ಗೊತ್ತಿದ್ದದ್ದು ಒಂದೇ ಓಟ, ನಾಲಗೆ ಹೊರಗೆ ಬರುವ ಓಟ. ವಾಂತಿ ಮಾಡಿಕೊಂಡವನ ಬೆನ್ನು ತಟ್ಟುತ್ತಿದ್ದಿರಿ, ನಿಧಾನಕ್ಕೆ ಓಡುವವನಿಗೆ “ಏನ್ಲಾ, ದನ ಮೇಯ್ಸಕ್ ಬಂದಿದ್ದೀಯಾ?” ಎನ್ನುತ್ತಿದ್ದಿರಿ. ನಾನು ಎಲ್ಲರಿಗಿಂತ ಮುಂದಿದ್ದೆ. ಪಕ್ಕದ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುತ್ತಾ ರತ್ನ ನೋಡುತ್ತಿದ್ದಳು, ಇನ್ನೂ ಜೋರಾಗಿ ಓಡುತ್ತಿದ್ದೆ. ಇಪ್ಪತ್ತೆರಡರ ವಯಸ್ಸು, ಇನ್ನೇನು ಮಾಡುತ್ತಾರೆ?

ಸೆಲೆಕ್ಷನ್ ಹತ್ತಿರ ಬಂದಾಗ ಜ್ವರ ಹಿಡಿಯಿತು. ಡಾಕ್ಟರು, ಜ್ವರ ಬಿಟ್ಟ ಮೇಲೂ ಕೆಲವು ವಾರ ಓಡಬೇಡ ಎಂದಿದ್ದರು. ನೀವು ನಕ್ಕಿರಿ. “ಬೆವ್ರು ಕಿತ್ಕಂಡ್ ಬಂದ್ರೆ ಜ್ವರ ತಾನೇ ಓಡೋಯ್ತದೆ ಕಣ್ಲಾ” ಎಂದು ನನಗೆ ಕರಿ ಕಂಬಳಿ ಹೊದಿಸಿ, ಸೊಂಟಕ್ಕೆ ಹಗ್ಗ ಬಿಗಿದು ಗ್ರೌಂಡಿಗೆ ಇಳಿಸಿದಿರಿ. “ಮಾವ, ಎದೆ ಒಸಿ ಹಿಡ್ದಂಗಾಯ್ತದೆ” ಎಂದೆ. “ಎದೆ ಹಿಡ್ಯದು ಹೆಂಗಸ್ರಿಗೆ, ಓಡ್ಲಾ” ಎಂದಿರಿ. ಆಮೇಲೆ ಬಾಯಿಗೆ ಮಣ್ಣು ಹೋದದ್ದೊಂದು ನೆನಪಿದೆ.

ಜ್ವರ ಹೃದಯದ ಸ್ನಾಯುವಿಗೆ ಇಳಿದು ಅದು ಊದಿಕೊಂಡಿತ್ತಂತೆ. ಆ ಹೊತ್ತಿನಲ್ಲಿ ಓಡಿಸಿ ಓಡಿಸಿ ಅದನ್ನು ಹಾಳು ಮಾಡಿದ್ದೇವಂತೆ. ಸುಮ್ಮನೆ ಮಲಗಿದ್ದರೆ ಬಹುಶಃ ತಾನೇ ಇಳಿಯುತ್ತಿತ್ತು ಎಂದು ಬೆಂಗಳೂರಿನ ಡಾಕ್ಟರು ಹೇಳುವಾಗ ನೀವು ಬಾಗಿಲಲ್ಲೇ ನಿಂತಿದ್ದಿರಿ. ನಿಮ್ಮ ಮನೆಯ ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ‘ಜ್ವರಕ್ಕೆ’ ಕೂತರೆ ನೀವು ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲ್ಲಾಡಿಸುವುದಿಲ್ಲ, ಅತ್ತೆ ಜೋರಾಗಿ ಕೆಮ್ಮಿದರೂ ಗದರುತ್ತೀರಿ. ಅಕ್ಕನ ಮಗನಿಗೆ ಹುಳುವಿಗಿರುವ ಮರ್ಯಾದೆಯೂ ಸಿಗಲಿಲ್ಲ.

ಈಗ ಮಾತಾಡುತ್ತಾ ನಡೆಯುವಷ್ಟು ವೇಗಕ್ಕೆ ಮಾತ್ರ ನನಗೆ ಅಪ್ಪಣೆ. ಮಾತು ತುಂಡಾದರೆ ನಿಲ್ಲಬೇಕು. ನೀವು ಆಡಿಕೊಳ್ಳುತ್ತಿದ್ದ ಆ ನಿಧಾನವೇ ಇನ್ನು ನನ್ನ ಎದೆಗೆ ಬಲವಂತೆ. ಮೊದಮೊದಲು ರತ್ನ ಜೊತೆಗೆ ಬರುತ್ತಿದ್ದಳು. “ಎದೆ ಸರಿಯಿಲ್ದೋನ್ಗೆ ಯಾವನ್ ಹೆಣ್ ಕೊಟ್ಟಾನು?” ಎಂದು ಅರಳಿಕಟ್ಟೆಯಲ್ಲಿ ನಾಲ್ಕು ಜನರೆದುರು ಹೇಳಿ ಅವಳನ್ನು ಮನೆಯೊಳಗೆ ಕೂಡಿಹಾಕಿದಿರಿ. ಅವಮಾನ ತಾಳದೆ ಅವ್ವ ನನ್ನನ್ನು ಚನ್ನಪಟ್ಟಣಕ್ಕೆ ಕರೆತಂದಳು. ಇಲ್ಲಿ ನಾನು ಒಬ್ಬನೇ ಮಾತಾಡಿಕೊಂಡು ನಡೆಯುತ್ತೇನೆ.

ಮೊನ್ನೆ ರತ್ನ ಕದ್ದು ಫೋನ್ ಮಾಡಿದ್ದಳು. “ಭಾವ, ಅವ್ರಿಗೂ ಜ್ವರ. ಅಪ್ಪ ಕಂಬ್ಳಿ ತೆಗ್ದವ್ರೆ. ಏನಾದ್ರೂ ಮಾಡು, ನಿನ್ ಕಾಲಿಗ್ ಬೀಳ್ತೀನಿ.” ಅವರು ಎಂದರೆ ನೀವು ಆರಿಸಿದ ಮಾಗಡಿಯ ವರ, ಸೆಲೆಕ್ಷನ್ನಿಗೆಂದು ನಿಮ್ಮ ಪಂಪ್‌ಹೌಸಿನಲ್ಲಿ ಉಳಿದಿದ್ದವನು. ನಿಜ ಹೇಳುತ್ತೇನೆ ಮಾವ, ಮೊದಲು ಸಂತೋಷವಾಯಿತು. ಓಡಲಿ, ಬೀಳಲಿ ಅನ್ನಿಸಿತು. ಅವಳು ಅವನಿಗಾಗಿ ಅಳುತ್ತಿದ್ದಾಳಲ್ಲ ಎಂದು ಹೊಟ್ಟೆ ಉರಿಯಿತು.

ಆದರೂ ಬಸ್ಸು ಹತ್ತಿದೆ. ಮಾಗಡಿಯಲ್ಲಿ ಅವನ ತಾಯಿ ಅಂಬುಜಮ್ಮನ ಮುಂದೆ ಕುಳಿತು ಎಲ್ಲ ಹೇಳಿದೆ. ಅಂಗಿ ಬಿಚ್ಚಿ, ಎದೆಬಡಿತ ಕಾಯಲೆಂದು ಚರ್ಮದಡಿ ಕೂರಿಸಿರುವ ಮಷೀನಿನ ಉಬ್ಬು ತೋರಿಸಿದೆ. ಆಕೆ ಅದನ್ನು ಬೆರಳಲ್ಲಿ ಮುಟ್ಟಿ ನೋಡಿದರು, ಕಾರು ಮಾಡಿಕೊಂಡು ಬಂದು ಸಂಜೆಯೇ ಮಗನನ್ನು ಕರೆದುಕೊಂಡು ಹೋದರು. ಯಾರು ಚಾಡಿ ಹೇಳಿದ್ದು ಎಂದು ನೀವು ಊರೆಲ್ಲ ವಿಚಾರಿಸುತ್ತಿದ್ದೀರಂತೆ. ನಾನೇ.

ಒಂದು ಸಂಗತಿ ಮಾತ್ರ ನಿಮಗೆ ಗೊತ್ತಿಲ್ಲ. ನಾನು ಹೊರಡುವಾಗ ಅಂಬುಜಮ್ಮ ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದರು: “ಅಪ್ಪ ಹಂಗೆ, ಸರಿ. ಹುಡ್ಗಿ ಹೆಂಗಪ್ಪ? ನಿನ್ ಜೊತೆ ಓಡಾಡ್ಕಂಡಿದ್ಲಂತೆ?” ರತ್ನ ಚಿನ್ನದಂಥವಳು ಎಂದಿದ್ದರೆ ಮುಗಿಯುತ್ತಿತ್ತು. ನನ್ನನ್ನು ನಂಬಿ ಫೋನ್ ಮಾಡಿದವಳು ಅವಳು. ನಾನು ಹೇಳಲಿಲ್ಲ. ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡೆ. ಆಕೆಗೆ ಅಷ್ಟೇ ಸಾಕಾಯಿತು. ನಿಮ್ಮ ಮಗಳ ಮದುವೆ ಮುರಿದದ್ದು ಆ ಬಾಗಿಲಲ್ಲಿ. ಇದನ್ನು ನೀವೇ ಅವಳಿಗೆ ಓದಿ ಹೇಳಿ, ಅವಳ ಮುಖ ನೋಡಲು ನನ್ನಿಂದಾಗದು.

ನಿಮ್ಮ ಎದೆ ಗುಂಡುಕಲ್ಲಿನ ಹಾಗಿರಲಿ. ನೂರು ವರ್ಷ ಬಾಳಿ, ಗಂಡು ಸಿಗದ ಮಗಳು ದಿನಾ ಬಡಿಸಿದ ಅನ್ನ ಉಂಡುಕೊಂಡು ಬಾಳಿ.

ನಿಮಗೆ ಅಳಿಯನಾಗದ,
ಲಿಂಗರಾಜು