ನಿಂತು ಉಣ್ಣುವವರು

ಅವ್ವಾ,

ನಿನಗೆ ಓದು ಬರುತ್ತಿರಲಿಲ್ಲ, ಈಗ ನೀನೂ ಇಲ್ಲ. ಹಾಗಾಗಿ ನನ್ನ ಕಾಗುಣಿತ ತಪ್ಪಿದರೆ ಕೇಳುವವರಿಲ್ಲ.

ಇವತ್ತು ಎಲ್ಲರದೂ ಊಟ ಆದಮೇಲೆ ನಾನು ತಟ್ಟೆ ಹಿಡಿದು ಒಲೆ ಪಕ್ಕ ನಿಂತು ಉಣ್ಣುತ್ತಿದ್ದೆ. ತಿರುಗಿ ನೋಡಿದರೆ ಮೊಮ್ಮಗಳೂ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದಾಳೆ, ಥೇಟ್ ನನ್ನ ಹಾಗೇ, ಒಂದು ಕಣ್ಣು ಪಾತ್ರೆ ಮೇಲೆ.

"ಏನೇ, ಕುದುರೆ ಹಾಗೆ ನಿಂತು ತಿಂತೀಯಲ್ಲ, ಕುರ್ಚೀಲೇನು ಮುಳ್ಳಿದೆಯಾ?" ಅಂದೆ.

"ನಮ್ಮನೇಲಿ ಹೆಂಗಸರು ನಿಂತೇ ತಾನೇ ಅಜ್ಜಿ ತಿನ್ನೋದು? ನಾನೂ ದೊಡ್ಡವಳಾದೆ," ಅಂದಳು, ಹೆಮ್ಮೆಯಿಂದ.

ನನ್ನ ನಾಲಿಗೆ ನಿನಗೆ ಗೊತ್ತಲ್ಲ, ಊರನ್ನೇ ಸುಮ್ಮನಾಗಿಸಿದ್ದು. ಬೈಯೋಣ ಅಂತ ಬಾಯಿ ತೆರೆದವಳು ತಟ್ಟೆ ಮೇಜಿನ ಮೇಲಿಟ್ಟೆ. ನಾನು ಅವಳಿಗೆ ಇದನ್ನು ಕಲಿಸಿಯೇ ಇಲ್ಲ. ನೀನೂ ನನಗೆ ಕಲಿಸಿರಲಿಲ್ಲ. ನೀನು ನಿಂತಿರುತ್ತಿದ್ದೆ, ನಾನು ನೋಡುತ್ತಿದ್ದೆ, ಅಷ್ಟೇ.

ಕುರ್ಚಿ ಎಳೆದು ಕೂತೆ. ಮಂಡಿ ಲಟಕ್ ಅಂತು. ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಇನ್ನೊಂದು ಕುರ್ಚಿ ಎದುರಿಗೆ ಎಳೆದಿಟ್ಟೆ.

"ಅದು ಯಾರಿಗಜ್ಜಿ?"

"ಇದ್ದಾಳೆ ಒಬ್ಬಳು, ಎಲ್ಲರದೂ ಆಗಲಿ ಅಂತ ಕಾಯ್ತಾಳೆ. ನೀನು ಉಣ್ಣು," ಅಂದೆ.